‘ಹೊರಗೆ’ ಅಂದರೆ ಎಲ್ಲಿಗೆ?

ನೆನೆಸಿದ ಅವರೆಕಾಳು ಹಿತಕುತ್ತ ಹಿತ್ತಿಲ ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದೆ. ಎರಡು ಬೆರಳ ನಡುವೆ ಕಾಳನ್ನಿಟ್ಟು ಒತ್ತಿದರೆ ಬೇಳೆ ಪಾತ್ರೆಗೆ ಹಾರಬೇಕು, ಸಿಪ್ಪೆ ಕೈಯಲ್ಲೇ ಉಳಿಯಬೇಕು. ಪಾತ್ರೆ ಅರ್ಧ ತುಂಬಿತ್ತು. ಅಷ್ಟರಲ್ಲಿ ಪಕ್ಕದ ಮನೆಯಿಂದ ನನ್ನ ಓರಗಿತ್ತಿ, ಅಂದರೆ ಮೈದುನನ ಹೆಂಡತಿ, ಫೋನು ಹಿಡಿದುಕೊಂಡು ಬಂದಳು. ಬಂದವಳು ಕೂರಲಿಲ್ಲ.

“ಅಕ್ಕ, ನಾನು ಯಾವಾಗ ಊರು ಬಿಟ್ಟು ಹೋಗಿದ್ದೆ, ನೀನೇ ಹೇಳು” ಅಂದಳು.

ಏನು ಕೇಳುತ್ತಿದ್ದಾಳೆಂದು ನನಗೆ ಅರ್ಥವಾಗಲಿಲ್ಲ. ಮದುವೆಯಾಗಿ ಬಂದು ಹನ್ನೆರಡು ವರ್ಷವಾಯಿತು. ಅಂಬಾಜಿದುರ್ಗದ ತಪ್ಪಲಿನ ತವರಿಗೆ ವರ್ಷಕ್ಕೊಮ್ಮೆ ಹೋಗುತ್ತಾಳೆ, ಹೋದ ಮೂರನೇ ದಿನಕ್ಕೆ ರೇಷ್ಮೆಹುಳಕ್ಕೆ ಸೊಪ್ಪು ಹಾಕುವವರಿಲ್ಲ ಎಂದು ಫೋನು ಹೋಗುತ್ತದೆ, ಬಂದುಬಿಡುತ್ತಾಳೆ. ಸಾದಲಿ ಹೋಬಳಿಯ ಈ ಊರಿನಲ್ಲಿ ಅವಳಷ್ಟು ಊರು ಬಿಡದ ಹೆಂಗಸು ಇನ್ನೊಬ್ಬಳಿಲ್ಲ.

ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಫೋನು ಈಸಿಕೊಂಡೆ. ಬಟ್ಟೆ ಪ್ಯಾಡು ಹೊಲಿಯುವ ಹೆಂಗಸರ ಪಟ್ಟಿ. ಸ್ವಂತಕ್ಕೆ ಹೊಲಿಗೆ ಮಿಷಿನ್ನು ಸಿಗುವವರ ಹೆಸರು ಮೇಲೆ, ಸಿಗದವರದ್ದು ಕೆಳಗೆ. ಮಿಷಿನ್ನು ಸಿಕ್ಕವರಿಗೆ ಮಾತ್ರ ಮುಂದಕ್ಕೆ ಕೆಲಸ. ಅವಳ ಹೆಸರು ಕೆಳಗಿತ್ತು. ಎದುರಿಗೆ ಷರಾ ಬರೆದಿದ್ದರು: ‘ಪದೇ ಪದೇ ಊರಿನಿಂದ ಹೊರಗೆ ಹೋಗುತ್ತಾರೆ. ಕೆಲಸಕ್ಕೆ ನಿಯಮಿತವಾಗಿ ಲಭ್ಯವಿರುವುದಿಲ್ಲ.’

ಓದಿ ನನಗೆ ನಗು ಬಂತು. ಅವಳ ಮುಖ ನೋಡಿ ನಿಂತುಹೋಯಿತು.

ಈ ಕೆಲಸ ಹೋದರೆ ಅವಳು ಎಲ್ಲಿಗೆ ಹೋಗಬೇಕೆಂದು ನಮ್ಮಿಬ್ಬರಿಗೂ ಗೊತ್ತಿತ್ತು. ಇದಕ್ಕೆ ಮೊದಲು ಅವಳು ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಘಟಕಕ್ಕೆ ಹೋಗುತ್ತಿದ್ದಳು. ಗೂಡು ಬೇಯುವ ಬಿಸಿನೀರಿಗೆ ದಿನವಿಡೀ ಕೈ ಹಾಕಿ ಎಳೆ ಹುಡುಕುವ ಕೆಲಸ. ಸಂಜೆ ಬಂದಾಗ ಬೆರಳ ತುದಿಗಳು ಬೆಂದ ಆಲೂಗಡ್ಡೆಯ ಸಿಪ್ಪೆಯ ಹಾಗಿರುತ್ತಿದ್ದವು. ಸಾರಿನಲ್ಲಿ ಖಾರವಿದ್ದರೆ ಕೈಯಲ್ಲಿ ಊಟ ಮಾಡಲಾಗದೆ ಚಮಚ ಹಿಡಿಯುತ್ತಿದ್ದಳು. ಅದನ್ನು ನೋಡಿ ನಮ್ಮತ್ತೆ, ಸೊಸೆಗೆ ಪೇಟೆ ಗಾಳಿ ಬಡಿದಿದೆ ಅಂದಿದ್ದರು. ಪ್ಯಾಡು ಹೊಲಿಯಲು ಸೇರಿದ ಮೇಲೆ, ದೇವರು ದೊಡ್ಡವನು, ಕೈಗೆ ಚರ್ಮ ಬಂದಿತ್ತು.

ಆ ಹೊಲಿಗೆ ಕೇಂದ್ರದ ಕಥೆಯನ್ನು ಸ್ವಲ್ಪ ಹೇಳಲೇಬೇಕು.

ಬೆಂಗಳೂರಿನ ಯಾವುದೋ ಸಂಸ್ಥೆಯವರು ನಮ್ಮ ಸ್ತ್ರೀಶಕ್ತಿ ಸಂಘವನ್ನು ಹುಡುಕಿಕೊಂಡು ಬಂದರು. ಹಳ್ಳಿಯ ಹೆಣ್ಣುಮಕ್ಕಳು ಮುಟ್ಟಿನ ದಿನಗಳಲ್ಲಿ ಹಳೇ ಸೀರೆ ತುಂಡು ಕಟ್ಟಿಕೊಂಡು ಕಾಯಿಲೆ ತಂದುಕೊಳ್ಳಬಾರದು, ಒಗೆದು ಮತ್ತೆ ಬಳಸುವ ಒಳ್ಳೆಯ ಪ್ಯಾಡು ಬಳಸಬೇಕು. ಅದನ್ನು ಹಳ್ಳಿಯವರೇ ಹೊಲಿದು ನಾಲ್ಕು ಕಾಸು ನೋಡಬೇಕು ಅಂದರು. ಮಾತು ಒಳ್ಳೆಯದೇ. ಆ ಸೀರೆ ತುಂಡುಗಳನ್ನು ಗಂಡಸರ ಕಣ್ಣಿಗೆ ಬೀಳದ ಹಾಗೆ ಸೌದೆ ಒಟ್ಟಿಲ ಹಿಂದೆ, ಬಿಸಿಲು ಬೀಳದ ಕಡೆ ಒಣಗಹಾಕಿ, ತೊಡೆ ಸಂದಿ ಗಾಯವಾಗಿ ಕಾಲು ಅಗಲಿಸಿ ನಡೆದವರಲ್ಲಿ ನಾನೂ ಒಬ್ಬಳು. ನನ್ನ ಕಾಲಕ್ಕೆ ಹೀಗೆ ಹೇಳಲು ಯಾರೂ ಬರಲಿಲ್ಲ. ಈಗಲಾದರೂ ಬಂದರಲ್ಲ ಎಂದು ಆಂಜನೇಯಸ್ವಾಮಿಗೆ ಒಂದು ಕಾಯಿ ಒಡೆಸಿದೆ.

ಹದಿನೈದು ಜನರನ್ನು ಆರಿಸಿ ಚಿಕ್ಕಬಳ್ಳಾಪುರಕ್ಕೆ ಹತ್ತು ದಿನ ತರಬೇತಿಗೆ ಕರೆದುಕೊಂಡು ಹೋದರು. ಅಲ್ಲಿ ಇವರು ಕಲಿತ ಮೊದಲನೇ ವಿದ್ಯೆ, ಮುಟ್ಟು ಅನ್ನಬಾರದು, ಋತುಚಕ್ರ ಅನ್ನಬೇಕು ಅನ್ನುವುದು. ನನ್ನ ಓರಗಿತ್ತಿ ಎರಡು ದಿನ ಅದು ಮಿಷಿನ್ನಿನ ಯಾವುದೋ ಚಕ್ರ ಅಂದುಕೊಂಡು ಕೂತಿದ್ದಳಂತೆ. ಚಿಂತಾಮಣಿಯ ಒಂದು ಹಾಸ್ಟೆಲ್ಲಿಗೆ, ಗೌರಿಬಿದನೂರಿನ ಒಂದು ಕಾಲೇಜಿಗೆ ಆರ್ಡರು ಬಂತು. ಸಂಸ್ಥೆಯವರು ಬಾಡಿಗೆ ಮಿಷಿನ್ನು ಕಳಿಸಿದರು, ಹೊಲಿಯಲು ಜಾಗ ಬೇಕಾಯಿತು.

ಊರಿನಲ್ಲಿ ದೊಡ್ಡ ಜಾಗ ಒಂದೇ, ಆಂಜನೇಯನ ಗುಡಿಗೆ ಅಂಟಿಕೊಂಡ ಸಮುದಾಯ ಭವನ. ಅದರ ಬೀಗದ ಕೈ ದೇವಸ್ಥಾನ ಕಮಿಟಿಯ ಹಿರಿಯರ ಜೇಬಿನಲ್ಲಿರುತ್ತದೆ. ವರಸೆಯಲ್ಲಿ ನನಗೆ ಮಾವನಾಗಬೇಕು. ಭವನ ಕೊಡುತ್ತೇವೆ, ಆದರೆ ಗೋಡೆಯಾಚೆ ಸ್ವಾಮಿಯಿದ್ದಾನೆ, ಹೊರಗಾದವರು ಆ ನಾಲ್ಕು ದಿನ ಈ ಕಡೆ ತಲೆಹಾಕಬಾರದು ಎಂದು ಅವರು ಷರತ್ತು ಹಾಕಿದರು. ಮುಟ್ಟಾಗುವುದಕ್ಕೆ ನಮ್ಮ ಕಡೆ ‘ಹೊರಗಾಗುವುದು’ ಅನ್ನುತ್ತೇವೆ. ಸಂಘದ ಅಧ್ಯಕ್ಷೆ ಕೈಮುಗಿದು ಒಪ್ಪಿಕೊಂಡಳು. ಅವಳಿಗೇನು, ಮುಟ್ಟು ನಿಂತು ಆರು ವರ್ಷವಾಗಿತ್ತು.

ಹೀಗಾಗಿ ಮುಟ್ಟಿನ ಬಟ್ಟೆ ಹೊಲಿಯುವ ಜಾಗಕ್ಕೆ ಮುಟ್ಟಾದವರು ಬರಬಾರದು ಎಂದಾಯಿತು. ಹಲ್ಲುನೋವಿದ್ದವರಿಗೆ ಪ್ರವೇಶವಿಲ್ಲ ಎಂದು ಹಲ್ಲಿನ ಡಾಕ್ಟರು ಬೋರ್ಡು ಹಾಕಿಕೊಂಡರೆ ಹೇಗಿರುತ್ತದೋ ಹಾಗೆ. ಭವನದ ಮುಂದೆ ಸಂಸ್ಥೆಯವರದ್ದೊಂದು ಬ್ಯಾನರು: ‘ಮುಟ್ಟು ಮೈಲಿಗೆಯಲ್ಲ, ಮುಚ್ಚಿಡಬೇಕಿಲ್ಲ.’ ಅದರ ಹಗ್ಗದ ಒಂದು ತುದಿ ಗುಡಿಯ ಕಿಟಕಿ ಕಂಬಿಗೆ ಕಟ್ಟಿತ್ತು. ಶನಿವಾರ ಭಕ್ತರು ಹೆಚ್ಚು ಬರುತ್ತಾರೆಂದು ಕಮಿಟಿಯವರು ಅದನ್ನು ಹಿಂದುಮುಂದಾಗಿ ತಿರುಗಿಸಿ ಕಟ್ಟುತ್ತಿದ್ದರು. ವಾರದಲ್ಲಿ ಆರು ದಿನ ಮುಟ್ಟು ಮೈಲಿಗೆಯಲ್ಲ, ಶನಿವಾರ ಬರೀ ಬಿಳಿ ಬಟ್ಟೆ.

ನಾನು ಇದನ್ನೆಲ್ಲ ಗೇಲಿ ಮಾಡುತ್ತಿದ್ದೇನೆಂದು ನನ್ನ ಭಕ್ತಿಯನ್ನು ಯಾರೂ ಅಳೆಯಬೇಕಿಲ್ಲ. ಪ್ರತಿ ಶನಿವಾರ ಹನ್ನೊಂದು ಪ್ರದಕ್ಷಿಣೆ ಹಾಕದೆ ನಾನು ಬಾಯಿಗೆ ನೀರು ಬಿಡುವುದಿಲ್ಲ. ಹೊರಗಾದಾಗ ನಾನೂ ಹಿಂದಿನ ಹಜಾರದಲ್ಲೇ ಕೂರುತ್ತೇನೆ. ಆದರೆ ನಮ್ಮ ಮನೆಗಳ ಮಡಿಯ ಲೆಕ್ಕ ನನಗೆ ಚೆನ್ನಾಗಿ ಗೊತ್ತು. ಹೊರಗಾದವಳು ಹುಳುಮನೆಗೆ ಕಾಲಿಟ್ಟರೆ ರೇಷ್ಮೆಹುಳಕ್ಕೆ ರೋಗ ಬರುತ್ತದೆ. ಅದೇ ಹೊರಗಾದವಳು ತೋಟಕ್ಕೆ ಹೋಗಿ ಹಿಪ್ಪುನೇರಳೆ ಸೊಪ್ಪು ಕೊಯ್ದು, ಹೊರೆ ಕಟ್ಟಿ, ತಲೆಮೇಲೆ ಹೊತ್ತು ತಂದು ಹುಳುಮನೆಯ ಬಾಗಿಲಲ್ಲಿ ಇಳಿಸಬಹುದು. ಮೈಲಿಗೆ ಹೊಸ್ತಿಲ ಹತ್ತಿರ ಇಳಿದುಹೋಗುತ್ತದೆ, ಸೊಪ್ಪು ಮಾತ್ರ ಒಳಗೆ ಹೋಗುತ್ತದೆ. ದೇವರು ಇಷ್ಟು ಅನುಕೂಲ ನೋಡಿ ಶಾಸ್ತ್ರ ಬರೆದಿರಲಾರ, ಇದು ಸೊಪ್ಪು ಹೊರಲಾರದವರು ಬರೆದದ್ದು.

ಭವನದಲ್ಲಿ ಹಾಜರಿ ರಿಜಿಸ್ಟರು ಬರೆಯುವ ಕೆಲಸ ನನ್ನ ಓರಗಿತ್ತಿಗೇ ಬಿದ್ದಿತ್ತು. ಹತ್ತನೇ ತರಗತಿ ಪಾಸಾದವಳು, ಅಕ್ಷರ ಮುತ್ತು ಪೋಣಿಸಿದಂತೆ. ಮೊದಲನೇ ತಿಂಗಳೇ ನನ್ನ ಹತ್ತಿರ ಬಂದು, ಮಿಕ್ಕವರೆಲ್ಲ ಹೊರಗಾದರೂ ಬಾಯಿಬಿಡದೆ ಬಂದು ಹೊಲಿಯುತ್ತಾರೆ, ತಾನೇನು ಮಾಡಲಿ ಎಂದು ಕೇಳಿದ್ದಳು. ದೇವರ ಗೋಡೆಗೆ ಬೆನ್ನು ಕೊಟ್ಟು ಸುಳ್ಳು ಬರೆಯುತ್ತೀಯಾ, ನಾಲ್ಕು ದಿನ ತಾನೇ, ಮನೆಯಲ್ಲಿರು ಅಂದಿದ್ದೆ ನಾನು. ಹೇಳುವುದಕ್ಕೆ ನನಗೇನೂ ಕಷ್ಟವಿರಲಿಲ್ಲ, ಹೋಗುವ ಕೆಲಸ ನನ್ನದಾಗಿರಲಿಲ್ಲ.

ಅವಳು ನನ್ನ ಮಾತು ಕೇಳಿದಳು. ಮಿಕ್ಕವರ ಹೆಸರಿನ ಮುಂದೆ ಅವರು ಹೇಳಿದ ಹಾಗೆ ‘ಹಾಜರು’ ಎಂದು ಬರೆದಳು. ತನ್ನ ಹೆಸರಿನ ಮುಂದೆ ಆರು ತಿಂಗಳು, ತಿಂಗಳಿಗೆ ನಾಲ್ಕು ದಿನ, ತಪ್ಪದೆ ‘ಹೊರಗೆ’ ಎಂದು ಬರೆದಳು. ಬೆಂಗಳೂರಿನ ಆಫೀಸಿನಲ್ಲಿ ಓದಿದವರು ಅವಳು ಪ್ರವಾಸ ಪ್ರಿಯೆ ಎಂದು ತೀರ್ಮಾನಿಸಿದ್ದರು. ಮುಟ್ಟಿನ ಬಗ್ಗೆ ಬ್ಯಾನರು ಬರೆಸಿದ ಅಷ್ಟು ಜನರಲ್ಲಿ ಒಬ್ಬರಿಗೂ ಹಳ್ಳಿಯಲ್ಲಿ ಅದಕ್ಕೆ ಏನನ್ನುತ್ತಾರೆಂದು ಗೊತ್ತಿರಲಿಲ್ಲ.

ಪಟ್ಟಿಯ ಮೇಲ್ಭಾಗದ ಐದು ಹೆಸರು ಓದಿದೆ. ಮೊದಲನೆಯದು ಅಧ್ಯಕ್ಷೆಯದು, ಪೂರ್ತಿ ಹಾಜರಿ. ಇನ್ನಿಬ್ಬರೂ ಅವಳ ಓರಗೆಯವರು, ಮುಟ್ಟು ನಿಂತವರು. ಉಳಿದಿಬ್ಬರು ಬಾಯಿಬಿಡದವರು. ಪ್ಯಾಡು ಬೇಕಿಲ್ಲದವರಿಗೇ ಪ್ಯಾಡು ಹೊಲಿಯುವ ಮಿಷಿನ್ನು ಹುಡುಕಿಕೊಂಡು ಹೋಗಿತ್ತು. ಅಧ್ಯಕ್ಷೆಗೆ ಸೂಜಿಗೆ ದಾರ ಪೋಣಿಸಲು ಈಗಲೂ ಮೊಮ್ಮಗಳು ಬೇಕು.

“ಯಾವಾಗ ಕೊಡ್ತಾರಂತೆ?” ಎಂದು ಕೇಳಿದೆ.

“ಇವತ್ತೇ ಮಧ್ಯಾಹ್ನ. ಮೇಡಂ ಬರ್ತಾರೆ, ಫೋಟೋ ತೆಗೀತಾರೆ. ನಂಗೆ ರಿಜಿಸ್ಟರ್ ಒಪ್ಪಿಸಿಬಿಡು ಅಂತ ಹೇಳವ್ರೆ.”

ಹಿತಕಿದ ಬೇಳೆಯನ್ನು ಮುಚ್ಚಿಟ್ಟು, ಕೈತೊಳೆದು, ಸೀರೆ ಬದಲಾಯಿಸಿದೆ. ರಿಜಿಸ್ಟರು ಒಪ್ಪಿಸುವುದಿದ್ದರೆ ನಾನೂ ಬರುತ್ತೇನೆ ಅಂದೆ.

ಮಧ್ಯಾಹ್ನ ಭವನದಲ್ಲಿ ಶಾಮಿಯಾನ ಒಂದಿಲ್ಲ ಅನ್ನುವುದು ಬಿಟ್ಟರೆ ಮದುವೆಯ ಸಂಭ್ರಮ. ಐದು ಮಿಷಿನ್ನುಗಳಿಗೂ ಅರಿಶಿನ ಕುಂಕುಮ ಹಚ್ಚಿ ಚೆಂಡುಹೂವಿನ ಹಾರ ಹಾಕಿದ್ದರು. ಅಧ್ಯಕ್ಷೆ ರೇಷ್ಮೆ ಸೀರೆ ಉಟ್ಟು ಬಂದಿದ್ದಳು. ಕಮಿಟಿಯ ಮಾವ ಮುಂದಿನ ಕುರ್ಚಿಯಲ್ಲಿ ಕೂತು, ಮೇಜಿನ ಮೇಲೆ ಜೋಡಿಸಿಟ್ಟ ಪ್ಯಾಡುಗಳನ್ನು ಬಿಟ್ಟು ಭವನದ ಬಾಕಿ ಎಲ್ಲವನ್ನೂ ನೋಡುತ್ತಿದ್ದರು. ಅವರು ಅದನ್ನು ‘ಆ ಸಾಮಾನು’ ಅನ್ನುತ್ತಾರೆ. ಅವರ ಸೊಸೆಯೂ ಹದಿನೈದು ಜನರಲ್ಲೊಬ್ಬಳು, ಎರಡನೇ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಮೇಡಂ ಚಿಕ್ಕ ವಯಸ್ಸಿನ ಹುಡುಗಿ, ಹತ್ತಿ ಸೀರೆ, ಮುಖದಲ್ಲಿ ದಣಿವು. ಬೆಳಿಗ್ಗೆಯಿಂದ ಮೂರು ಊರು ಸುತ್ತಿ ಬಂದಿದ್ದಳಂತೆ. ಅವಳ ಕನ್ನಡ ಚೆನ್ನಾಗಿತ್ತು, ಪುಸ್ತಕದ್ದು.

ನನ್ನ ಓರಗಿತ್ತಿ ಹೋಗಿ ರಿಜಿಸ್ಟರನ್ನು ಮೇಜಿನ ಮೇಲಿಟ್ಟಳು. ಇಟ್ಟು ಸುಮ್ಮನೆ ಬಂದುಬಿಡುವವಳಿದ್ದಳು. ನಾನು ಅವಳ ಹಿಂದೆಯೇ ನಿಂತಿದ್ದೆ, ದಾರಿ ಬಿಡಲಿಲ್ಲ. ಇವಳು ಊರು ಬಿಟ್ಟು ಎಲ್ಲಿಗೂ ಹೋಗಿಲ್ಲ, ಬರೆದಿರುವುದು ತಪ್ಪು ಎಂದು ಮೇಡಂಗೆ ಹೇಳಿದೆ. ಆ ಹುಡುಗಿ ಬೇಸರ ಮಾಡಿಕೊಳ್ಳದೆ ರಿಜಿಸ್ಟರು ತೆರೆದು ತೋರಿಸಿದಳು. ಇವರೇ ಬರೆದುಕೊಂಡಿದ್ದಾರೆ ನೋಡಿ, ಅಕ್ಷರವೂ ಇವರದ್ದೇ ಅಂದಳು.

“ಹೊರಗೆ ಅಂದರೆ ಎಲ್ಲಿಗೆ ಹೋಗಿದ್ರಿ?” ಎಂದು ಓರಗಿತ್ತಿಯನ್ನೇ ಕೇಳಿದಳು.

ಓರಗಿತ್ತಿ ಮಾವನ ಕಡೆ ನೋಡಿದಳು, ನೆಲ ನೋಡಿದಳು. ಗಂಡಸು ಕೂತಿರುವಾಗ ಆ ಮಾತು ಅವಳ ಬಾಯಿಂದ ಬರುವುದಿಲ್ಲ. ಹಿಂದೆ ಕೂತ ಹೆಂಗಸರಲ್ಲಿ ಯಾರೋ ಕಿಸಕ್ಕೆಂದರು.

“ಎಲ್ಲಿಗೂ ಇಲ್ಲಮ್ಮ, ಮನೆ ಹಿಂದಿನ ಹಜಾರಕ್ಕೆ” ಅಂದೆ ನಾನು. “ನೀನು ಆ ಬ್ಯಾನರಲ್ಲಿ ಬರೆಸಿದೀಯಲ್ಲ, ಅದು ಆದಾಗ ನಾವು ಹೊರಗೆ ಅಂತೀವಿ.”

ಹುಡುಗಿ ಒಂದು ಕ್ಷಣ ಬ್ಯಾನರು ನೋಡಿದಳು, ಒಂದು ಕ್ಷಣ ರಿಜಿಸ್ಟರು ನೋಡಿದಳು. ಕೆನ್ನೆ ಕೆಂಪಾಯಿತು. ಆದರೆ ಆ ದಿನಗಳಲ್ಲಿ ಕೆಲಸಕ್ಕೆ ಯಾಕೆ ಬರಬಾರದು ಎಂದು ಕೇಳಿದಳು. ಅದನ್ನೂ ಅವಳಿಗೆ ಯಾರೂ ಹೇಳಿರಲಿಲ್ಲ. ಅಧ್ಯಕ್ಷೆ ಹಾರದ ಹೂವು ಸರಿಮಾಡಲು ಎದ್ದುಹೋದಳು.

ಉತ್ತರ ಮಾವನೇ ಕೊಟ್ಟರು. ದೇವರ ಜಾಗ, ಕಟ್ಟುಪಾಡು, ಹಿರಿಯರು ಮಾಡಿದ್ದು ಎಂದು ಐದು ನಿಮಿಷ ಹೇಳಿದರು. ಆಗ ಆ ಹುಡುಗಿ, ಹಾಗಾದರೆ ಈ ಬ್ಯಾನರು ಕಟ್ಟಲು ಒಪ್ಪಿದ್ದು ಹೇಗೆ ಎಂದು ಮೆಲ್ಲಗೆ ಕೇಳಿದಳು.

“ಅದಂತಾ ಕಾದಮ್ಮಾ”, ಅದೆಲ್ಲ ಹಾಗಲ್ಲಮ್ಮ ಎಂದು ಮಾವ ತೆಲುಗಿಗೆ ಇಳಿದರು. ಕಷ್ಟದ ಪ್ರಶ್ನೆ ಬಂದಾಗ ಅವರು ತೆಲುಗಿಗೆ ಇಳಿಯುತ್ತಾರೆ. “ಬ್ಯಾನರ್ ಬ್ಯಾರೆ, ಭವನ ಬ್ಯಾರೆ.”

ಅಷ್ಟಕ್ಕೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಮಾವ ಬುದ್ಧಿವಂತರು. ರಿಜಿಸ್ಟರನ್ನು ತಮ್ಮ ಕಡೆಗೆ ಎಳೆದುಕೊಂಡು, ಕನ್ನಡಕ ಏರಿಸಿ, ಹಾಳೆ ತಿರುವಿದರು. ಒಂದು ತಿಂಗಳು, ಎರಡು ತಿಂಗಳು. ಒಂದೇ ಹೆಸರಿನ ಮುಂದೆ ‘ಹೊರಗೆ’, ಮಿಕ್ಕವರೆಲ್ಲ ಹಾಜರು, ಹಾಜರು, ಹಾಜರು. ಅವರ ಬೆರಳು ಮೆಲ್ಲಗೆ ಕೆಳಗಿಳಿಯುವುದನ್ನು ನೋಡಿದಾಗ ನಾನು ಮಾಡಿದ್ದೇನೆಂದು ನನಗೆ ಹೊಳೆಯಿತು. ಒಬ್ಬಳ ಕೆಲಸ ಉಳಿಸಲು ಬಾಯಿಬಿಟ್ಟು ಎಲ್ಲರ ಕೆಲಸಕ್ಕೂ ಸಂಚಕಾರ ತಂದಿದ್ದೆ. ಮಿಷಿನ್ನು ಮನೆಗೆ ಬಂದರೂ, ಭವನಕ್ಕೆ ಬೀಗ ಬಿದ್ದರೆ ಬಟ್ಟೆ ಕತ್ತರಿಸಲು, ಹೊಲಿದದ್ದನ್ನು ಕಟ್ಟಿಡಲು ಬೇರೆ ಸೂರಿಲ್ಲ.

“ಹಂಗಾದ್ರೆ ಮಿಕ್ಕವರ್ಯಾರೂ ಆಗೋದೇ ಇಲ್ವಾ?” ಎಂದು ಮಾವ ಕೇಳಿದರು.

ಎರಡನೇ ಸಾಲಿನಲ್ಲಿ ಅವರ ಸೊಸೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತುತ್ತಿದ್ದಳು. ಅವಳ ಹೆಸರಿನ ಮುಂದೆಯೂ ಆರು ತಿಂಗಳು ಬರೀ ಹಾಜರು. ಮನೆಯಲ್ಲಿ ಮಾತ್ರ ನಾಲ್ಕು ದಿನ ದೂರ ಕೂತು, ಭವನಕ್ಕೆ ಹೋಗುತ್ತಿಲ್ಲವೆಂದು ಹೇಳಿ, ತೋಟದ ದಾರಿಯಲ್ಲಿ ಸುತ್ತಿ ಬಂದು ಹೊಲಿದು ಹೋಗುತ್ತಿದ್ದಳೆಂದು ಆಮೇಲೆ ತಿಳಿಯಿತು.

ದೇವರ ಗೋಡೆ ಪಕ್ಕ ಸುಳ್ಳು ಹೇಳಬಾರದೆಂದು ಉಪದೇಶ ಮಾಡಿದವಳು ನಾನೇ. ಈಗ ಹೇಳುವ ಸರದಿ ನನ್ನದು. ಇಲ್ಲ ಅಂದರೆ ಸುಳ್ಳು, ಹೌದು ಅಂದರೆ ಬೀಗ. ಮನಸ್ಸಿನಲ್ಲೇ ಸ್ವಾಮಿಯನ್ನು ನೆನೆದೆ. ಅವನು ಬ್ರಹ್ಮಚಾರಿ, ಇಂಥದ್ದರಲ್ಲಿ ಅವನ ಸಲಹೆ ಎಷ್ಟು ಉಪಯೋಗಕ್ಕೆ ಬರುತ್ತದೋ ಗೊತ್ತಿರಲಿಲ್ಲ, ಆದರೂ ಬಾಯಿಗೊಂದು ಮಾತು ಕೊಟ್ಟ.

“ಅದನ್ನ ನಾನು ಹೆಂಗೆ ಹೇಳಲಿ ಮಾವ. ಒಬ್ಬೊಬ್ಬರನ್ನೇ ಕರೆದು ನೀವೇ ಕೇಳಿ ಬರ್ಕೊಳಿ. ಯಾರು ಯಾವ ದಿನ ಆದ್ರು, ಎಷ್ಟು ದಿನ ಇತ್ತು ಅಂತ. ಮನೆಯವರಿಂದಲೇ ಶುರು ಮಾಡಿ, ನಿಮ್ಮ ಸೊಸೆ ಅಲ್ಲೇ ಕೂತವಳೆ.”

ಮಾವ ರಿಜಿಸ್ಟರಿನಿಂದ ಕೈ ತೆಗೆದರು. ಬಿಸಿ ಪಾತ್ರೆ ಮುಟ್ಟಿದವರ ಹಾಗೆ ತೆಗೆದರು. ಸೊಸೆಯ ಕಡೆಗೂ ನೋಡಲಿಲ್ಲ, ನನ್ನ ಕಡೆಗೂ ನೋಡಲಿಲ್ಲ. ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು, ಒರೆಸಿದರು, ಒರೆಸುತ್ತಲೇ ಇದ್ದರು. ಆಮೇಲೆ, ಕರೆಂಟು ಬಂದಿರಬೇಕು, ತೋಟಕ್ಕೆ ಮೋಟರು ಹಾಕಬೇಕು ಎಂದು ಎದ್ದರು. ಫ್ಯಾನು ಅರ್ಧ ಗಂಟೆಯಿಂದ ಅವರ ತಲೆಯ ಮೇಲೇ ತಿರುಗುತ್ತಿತ್ತು. ಬಾಗಿಲ ಹತ್ತಿರ ಬೀಗದ ಕೈಗೆಂದು ಜೇಬು ತಡಕಿದರು. ಹೆಂಗಸರೆಲ್ಲ ನೋಡುತ್ತಿದ್ದಾರೆಂದು ಕಂಡು, ಕರ್ಚೀಫು ತೆಗೆದು ಮುಖ ಒರೆಸಿಕೊಂಡು ಹೋದರು.

ಷರತ್ತನ್ನು ಯಾರೂ ರದ್ದು ಮಾಡಲಿಲ್ಲ. ಮಾಡಬೇಕಾದರೆ ಕಮಿಟಿಯಲ್ಲಿ ನಾಲ್ಕು ಗಂಡಸರು ಕೂತು ಆ ಮಾತನ್ನು ಬಾಯಲ್ಲಿ ಆಡಬೇಕು, ಅದು ಅವರಿಂದ ಆಗುವ ಕೆಲಸವಲ್ಲ. ಅದೇ ಕಾರಣಕ್ಕೆ ಅದನ್ನು ಯಾರು ಪಾಲಿಸಿದರು, ಯಾರು ಬಿಟ್ಟರು ಎಂದು ಕೇಳುವವರೂ ಇಲ್ಲ, ಇದೊಂದು ಪುಣ್ಯ.

ಮೇಡಂ ಹುಡುಗಿ ಪೆನ್ನು ತೆಗೆದು ತನ್ನ ಕೈಯಲ್ಲಿದ್ದ ಪಟ್ಟಿಯಲ್ಲಿ ಷರಾ ಹೊಡೆದುಹಾಕಿದಳು. ಇನ್ನು ಮುಂದೆ ದಿನ ಎಣಿಸುವುದು ಬೇಡ, ಎಷ್ಟು ಹೊಲಿದರು ಅನ್ನುವುದನ್ನು ನೋಡುತ್ತೇವೆ ಅಂದಳು. ಹೊಲಿದ ರಾಶಿ ನೋಡಿದರೆ ನನ್ನ ಓರಗಿತ್ತಿಯದ್ದೇ ದೊಡ್ಡದು, ತಿಂಗಳಿಗೆ ನಾಲ್ಕು ದಿನ ಬಿಟ್ಟೂ ದೊಡ್ಡದು. ಆದರೆ ಮಿಷಿನ್ನು ಐದೇ, ಐದಕ್ಕೂ ಹೆಸರಾಗಿತ್ತು, ಆರನೆಯದಕ್ಕೆ ಬೆಂಗಳೂರಿಗೆ ಬರೆಯಬೇಕು ಎಂದು ಹುಡುಗಿ ಹೇಳುತ್ತಿದ್ದಳು. ಆಗ ಅಧ್ಯಕ್ಷೆ ಮಿಷಿನ್ನಿನ ಪಕ್ಕದಿಂದ ಬಂದಳು. ಮೊಣಕಾಲು ನೋವು, ಪೆಡಲು ತುಳಿಯಲಾಗುವುದಿಲ್ಲ, ತನ್ನದನ್ನು ಅವಳೇ ಇಟ್ಟುಕೊಳ್ಳಲಿ ಅಂದಳು. ಮೊಣಕಾಲು ನೋವು ಅವಳಿಗೆ ಮೊದಲಿಂದಲೂ ಇತ್ತು. ಅವಳು ಕೆಟ್ಟವಳಲ್ಲ. ಕೊಟ್ಟದ್ದನ್ನು ಬೇಡ ಅನ್ನುವ ಅಭ್ಯಾಸವಿಲ್ಲ, ಅಷ್ಟೇ. ಒಂದೇ ಒಂದು ಷರತ್ತು ಹಾಕಿದಳು: ಫೋಟೋ ಮಾತ್ರ ತನ್ನದೇ ಇರಬೇಕು. ಹಾಗಾಗಿ ಸಂಸ್ಥೆಯವರ ಯಾವುದೋ ಪುಸ್ತಕದಲ್ಲಿ, ಹಾರ ಹಾಕಿದ ಮಿಷಿನ್ನಿನ ಪಕ್ಕದಲ್ಲಿ, ಹೊಲಿಗೆ ಬಾರದ ಅಧ್ಯಕ್ಷೆ ರೇಷ್ಮೆ ಸೀರೆಯಲ್ಲಿ ನಗುತ್ತಿರಬೇಕು.

ಮಿಷಿನ್ನನ್ನು ಆಟೋಗೆ ಏರಿಸಿ ಮುಂದಕ್ಕೆ ಕಳಿಸಿ ನಾವಿಬ್ಬರೂ ನಡೆದೇ ಬಂದೆವು. ನಾನು ಅವಳಿಗೆ ಹೇಳಬೇಕಾದ ಮಾತೊಂದಿತ್ತು. ಡೈರಿಯ ಮುಂದೆ ಬರುವಾಗ ಹೇಳಿಬಿಟ್ಟೆ.

“ನನ್ನ ಮಾತು ಕೇಳಿ ನೀನು ಕೆಟ್ಟೆ ಕಣೇ. ತಪ್ಪು ನಂದು.”

ಅವಳು ನಿಂತು ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

“ನಿಂಗೆ ದೇವರವ್ನೆ ಅಕ್ಕ, ಭಾವನ ಸಂಬಳ ಐತೆ. ನಂಗೂ ದೇವರವ್ನೆ. ಆದ್ರೆ ಅವನು ಬಿಸಿನೀರಿಗೆ ಕೈ ಹಾಕಿಲ್ಲ” ಅಂದಳು. “ಇನ್ಮೇಲೆ ನಾನು ಯಾವತ್ತು ಆದೆ ಅಂತ ನಿನಗೂ ಹೇಳಲ್ಲ.”

ಹಾಗೆಂದು ತನ್ನ ಮನೆಯ ಕಡೆ ತಿರುಗಿದಳು. ಬಾಗಿಲಲ್ಲಿ ಆಟೋದವನು ಮಿಷಿನ್ನು ಇಳಿಸುತ್ತಿದ್ದ, ಎಲ್ಲಿ ಇಡಬೇಕೆಂದು ಅತ್ತೆ ಕೇಳುತ್ತಿದ್ದರು, ಇವಳು ನೇರ ಒಳಗೆ ಹೋಗಿ ಕಿಟಕಿಯ ಹತ್ತಿರ ಜಾಗ ಮಾಡುತ್ತಿದ್ದಳು.

ಅವಳು ಅಂದದ್ದಕ್ಕೆ ನನಗೆ ನೋವಾಯಿತೆಂದು ಹೇಳಿದರೆ ಸುಳ್ಳಲ್ಲ. ಆದರೆ ಆ ಸಂಜೆ ಸ್ವಾಮಿಗೆ ಕೈಮುಗಿಯುವಾಗ ಅವಳ ಮೇಲೆ ದೂರು ಹೇಳಲು ಬಾಯಿ ಬರಲಿಲ್ಲ. ಅವಳ ಬೆರಳು ಒಣಗಿಯೇ ಇರಲಿ ಎಂದು ಬೇಡಿಕೊಂಡೆ, ಬೇರೇನೂ ಬೇಡಲಿಲ್ಲ. ಮರುದಿನ ಶುಕ್ರವಾರ. ದೀಪಗಳಿಗೆಲ್ಲ ಎಣ್ಣೆ ಜಿಡ್ಡು ಹಿಡಿದಿತ್ತು. ಹುಣಸೆಹಣ್ಣು ನೆನೆಹಾಕಿ, ದೇವರ ಸಾಮಾನುಗಳನ್ನು ಹಿತ್ತಿಲ ಕಲ್ಲಿನ ಮೇಲೆ ಹರಡಿಕೊಂಡು ತಿಕ್ಕಲು ಕೂತೆ.